ಕಂಪ್ಯೂಟರ್ ಪ್ರಶ್ನೋತ್ತರ: ಹಳೇ ಡೆಸ್ಕ್‌ಟಾಪಿಗೆ ಇನ್ನೂ ದುಡ್ಡು ಹಾಕಬಹುದೇ?

ಪ್ರಶ್ನೆ: ನಮ್ಮದು ಡಿಟಿಪಿ ಅಂಗಡಿ. 2014ರಲ್ಲಿ ಜೋಡಿಸಿದ ಕಂಪ್ಯೂಟರ್ ಇದೆ: ಇಂಟೆಲ್ ಐ3-4130 ಪ್ರೊಸೆಸರ್, ಎಚ್81 ಬೋರ್ಡ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಬೆಳಿಗ್ಗೆ ಆನ್ ಮಾಡಿದರೆ ಕೆಲಸಕ್ಕೆ ಸಿಗಲು ಐದಾರು ನಿಮಿಷ ಬೇಕು. ಪೇಜ್‌ಮೇಕರ್ ಜೊತೆ ಬ್ರೌಸರ್ ತೆರೆದರೆ ಹ್ಯಾಂಗ್ ಆಗುತ್ತದೆ. ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಬದಲಿಸಿ ಎನ್ನುತ್ತಾರೆ ರಿಪೇರಿಯವರು. ಏನು ಮಾಡಲಿ?
– ಓದುಗರು, ತಿಪಟೂರು

ಉತ್ತರ: ಮೂರನ್ನೂ ಈಗಲೇ ಬದಲಿಸಬೇಡಿ. ನೀವು ಹೇಳುವ ಲಕ್ಷಣ ನೋಡಿದರೆ ತೊಂದರೆ ಹಾರ್ಡ್ ಡಿಸ್ಕ್ ಮತ್ತು ರ‍್ಯಾಮಿನದು, ಪ್ರೊಸೆಸರಿನದಲ್ಲ. ಇದನ್ನು ನೀವೇ ಖಚಿತ ಮಾಡಿಕೊಳ್ಳಬಹುದು. ಕಂಪ್ಯೂಟರ್ ಎಳೆದಾಡುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಶೇ 20ರ ಆಸುಪಾಸಿನಲ್ಲಿದ್ದು ಡಿಸ್ಕ್ ಶೇ 100ಕ್ಕೆ ಅಂಟಿಕೊಂಡಿದ್ದರೆ ಪ್ರೊಸೆಸರ್ ಸುಮ್ಮನೆ ಕಾಯುತ್ತಿದೆ ಎಂದೇ ಅರ್ಥ. ಮೆಮೊರಿ ಎಷ್ಟಿದೆ ಎಂದೂ ನೋಡಿ. ರ‍್ಯಾಮ್ ತುಂಬಿದಾಗ ವಿಂಡೋಸ್ ಉಳಿದದ್ದನ್ನು ಡಿಸ್ಕಿಗೆ ಬರೆದಿಟ್ಟು ಓದತೊಡಗುತ್ತದೆ. ಹಾಗಾಗಿ ರ‍್ಯಾಮಿನ ಕೊರತೆಯೂ ಡಿಸ್ಕಿನ ಲೆಕ್ಕದಲ್ಲೇ ಕಾಣಿಸುತ್ತದೆ. 4 ಜಿಬಿಯಲ್ಲಿ ಇದು ದಿನವೂ ಆಗುವಂಥದ್ದು.

ಇನ್ನು ಡಿಸ್ಕಿನ ಆರೋಗ್ಯ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿ 05, ಸಿ5, ಸಿ6 ಎಂಬ ಸಾಲುಗಳ (ಡಿಸ್ಕಿನಲ್ಲಿ ಕೆಟ್ಟ ಜಾಗಗಳ ಲೆಕ್ಕ) ಕೊನೆಯ ಅಂಕಣ ನೋಡಿ. ಸೊನ್ನೆ ಬಿಟ್ಟು ಬೇರೇನಿದ್ದರೂ ಮೊದಲು ಗಿರಾಕಿಗಳ ಫೈಲುಗಳನ್ನು ಬೇರೆಡೆಗೆ ನಕಲು ಮಾಡಿ, ಆಮೇಲೆ ಉಳಿದ ಮಾತು. ಡೇಟಾ ಸಾಗಣೆಯ ತಪ್ಪುಗಳನ್ನು ಎಣಿಸುವ ಸಿ7 ಮಾತ್ರ ಏರುತ್ತಿದ್ದರೆ ಡಿಸ್ಕಿಗಿಂತ ಮೊದಲು ಸಾಟಾ ಕೇಬಲ್ (ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಡೇಟಾ ಕೇಬಲ್) ಬದಲಿಸಿ. ಎಷ್ಟೋ ಒಳ್ಳೆಯ ಡಿಸ್ಕುಗಳು ಬರೀ ಕೇಬಲ್ ದೋಷಕ್ಕೆ ಗುಜರಿ ಸೇರುತ್ತವೆ.

ಹಾರ್ಡ್ ಡಿಸ್ಕಿನ ಬದಲಿಗೆ ಕೊಳ್ಳಬೇಕಾದದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದೆ ಚಿಪ್ಪಿನಲ್ಲೇ ಡೇಟಾ ಇಡುವ ಡಿಸ್ಕ್), 500 ಜಿಬಿಯ ಆಸುಪಾಸಿನದು. ಕಡ್ಡಿಯಂತಿರುವ ಎನ್‌ವಿಎಂಇ ಎಸ್‌ಎಸ್‌ಡಿ ತರಬೇಡಿ. ಆ ಕಾಲದ ಎಚ್81 ಬೋರ್ಡುಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ಜಾಗವೇ ಇರುವುದಿಲ್ಲ, ಅಡಾಪ್ಟರ್ ಹಾಕಿದರೂ ಅದರಿಂದ ಕಂಪ್ಯೂಟರ್ ಶುರುವಾಗುವ (ಬೂಟ್ ಆಗುವ) ಖಾತ್ರಿಯಿಲ್ಲ. ಎಚ್81 ಚಿಪ್‌ಸೆಟ್ಟಿಗೆ ನಾಲ್ಕು ಸಾಟಾ ಪೋರ್ಟ್. ಎರಡು 6 ಗಿಗಾಬಿಟ್ ವೇಗದವು, ಎರಡು 3 ಗಿಗಾಬಿಟ್‌ನವು. ಬೋರ್ಡಿನ ಮೇಲೆ ಪೋರ್ಟಿನ ಪಕ್ಕ ಮುದ್ರಿಸಿದ್ದನ್ನು ಓದಿ 6ರದಕ್ಕೇ ಜೋಡಿಸಿ. ನಿಜವಾದ ಲಾಭ ಇರುವುದು ಡೇಟಾ ಹುಡುಕುವ ಸಮಯದಲ್ಲಿ. 7200 ಆರ್‌ಪಿಎಂ ಹಾರ್ಡ್ ಡಿಸ್ಕಿಗೆ ಒಂದು ಚೂರು ಡೇಟಾ ಹುಡುಕಲು 12–13 ಮಿಲಿಸೆಕೆಂಡ್ ಬೇಕು, ಎಸ್‌ಎಸ್‌ಡಿಗೆ 0.1ರ ಸುತ್ತಮುತ್ತ ಸಾಕು. ವಿಂಡೋಸ್ ಶುರುವಾಗುವಾಗ ಇಂಥ ಸಾವಿರಾರು ಸಣ್ಣ ಓದುಗಳಿರುತ್ತವೆ.

ಹಳೆಯ ಡಿಸ್ಕಿನಲ್ಲಿರುವುದನ್ನೆಲ್ಲ ಹಾಗೇ ಹೊಸದಕ್ಕೆ ನಕಲು (ಕ್ಲೋನ್) ಮಾಡಿದರೆ, ಮೊದಲ ಸಲ ಆನ್ ಮಾಡುವಾಗ ಹಾರ್ಡ್ ಡಿಸ್ಕಿನ ಕೇಬಲ್ ಕಳಚಿಟ್ಟಿರಿ. ಎರಡೂ ಡಿಸ್ಕಿಗೆ ಒಂದೇ ಗುರುತು ಇರುವುದರಿಂದ ವಿಂಡೋಸ್ ಗೊಂದಲಕ್ಕೆ ಬಿದ್ದು ಒಂದನ್ನು ಆಫ್‌ಲೈನ್ ಮಾಡುವುದುಂಟು, ಹಳೆಯದರಿಂದಲೇ ಶುರುವಾಗುವುದೂ ಉಂಟು. 05, ಸಿ5 ಕೆಟ್ಟಿರುವ ಡಿಸ್ಕನ್ನು ಕ್ಲೋನ್ ಮಾಡಲು ಹೋಗಬೇಡಿ, ಹೊಸದಾಗಿ ವಿಂಡೋಸ್ ಹಾಕಿ.

ರ‍್ಯಾಮ್ ಕೊಳ್ಳುವ ಮುನ್ನ ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್‌ನಲ್ಲಿ ವಿಂಡೋಸ್ 32-ಬಿಟ್ಟೋ 64-ಬಿಟ್ಟೋ ನೋಡಿ. ಡಿಟಿಪಿ ಅಂಗಡಿಗಳಲ್ಲಿ ಹಳೇ ತಂತ್ರಾಂಶಕ್ಕಾಗಿ 32-ಬಿಟ್ ಉಳಿಸಿಕೊಂಡಿರುವುದು ಸಾಮಾನ್ಯ. ಅದಾದರೆ 4 ಜಿಬಿ ಮೇಲಿನ ರ‍್ಯಾಮ್ ಬಳಕೆಗೇ ಬರುವುದಿಲ್ಲ, ದುಡ್ಡು ದಂಡ. 64-ಬಿಟ್ ಹಾಕಬೇಕೆಂದರೆ ಪ್ರಿಂಟರಿಗೆ, ತಂತ್ರಾಂಶ ತೆರೆಯಲು ಕಂಪ್ಯೂಟರಿಗೆ ಚುಚ್ಚುವ ಡಾಂಗಲ್ಲಿಗೆ 64-ಬಿಟ್ ಡ್ರೈವರ್ ಸಿಗುತ್ತದೆಯೇ ಎಂದು ಮೊದಲು ಹುಡುಕಿ. 16-ಬಿಟ್ ತಂತ್ರಾಂಶಗಳು ಅದರಲ್ಲಿ ತೆರೆಯುವುದೇ ಇಲ್ಲ. ಎಲ್ಲ ಸರಿಯಿದ್ದರೆ ಇನ್ನೊಂದು 4 ಜಿಬಿ ಡಿಡಿಆರ್3 1600 ಹಾಕಿ, ಒಟ್ಟು 8 ಜಿಬಿ ಸಾಕು. ಈ ಬೋರ್ಡುಗಳಲ್ಲಿ ಎರಡೇ ಸ್ಲಾಟ್. ಈಗಿರುವ 4 ಜಿಬಿ ಎರಡು ತುಂಡಿನದಾದರೆ ಎರಡನ್ನೂ ತೆಗೆಯಬೇಕಾಗುತ್ತದೆ. ಡಿಡಿಆರ್3ಕ್ಕೆ ಇನ್ನು ಮುಂದೆ ಭವಿಷ್ಯವಿಲ್ಲ, ಅದಕ್ಕೆ ಹೊಸ ದರ ಕೊಡದೆ ಬಳಸಿದ್ದನ್ನೇ ಕೊಳ್ಳಿ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಕೇಳಿ ನೋಡಿ.

ನಾವು ಹಿಡಿಯುವ ಲೆಕ್ಕ ಇಷ್ಟೇ: ಮುಂದಿನ ಕಂಪ್ಯೂಟರಿಗೂ ಆಗಿಬರುವ ಭಾಗಕ್ಕೆ ಧಾರಾಳವಾಗಿ ಖರ್ಚು ಮಾಡಿ, ಈ ಬೋರ್ಡಿನೊಂದಿಗೇ ಮುಗಿಯುವ ಭಾಗಕ್ಕೆ ಕೈ ಬಿಗಿಹಿಡಿಯಿರಿ. ಎಸ್‌ಎಸ್‌ಡಿ ಮೊದಲ ಗುಂಪಿನದು, ಡಿಡಿಆರ್3 ಎರಡನೆಯದು. ಬೋರ್ಡೇ ಹೋದರೆ ಅದೇ ಮಾದರಿಯ ಹಳೇ ಬೋರ್ಡ್ ಹುಡುಕುತ್ತಾ ಅಲೆಯಬೇಡಿ. ಕಂಪನಿಗಳು ಬಳಸಿ ಬಿಟ್ಟ 8ನೇ ತಲೆಮಾರಿನ ಐ5 ಡೆಸ್ಕ್‌ಟಾಪ್ ಅದಕ್ಕಿಂತ ಎಷ್ಟೋ ಮೇಲು. ಒಂದು ಎಚ್ಚರಿಕೆ: ಅಂಥ ಬ್ರ್ಯಾಂಡೆಡ್ ಪೆಟ್ಟಿಗೆಗಳಲ್ಲಿ ಹಲವಕ್ಕೆ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಅಳತೆಯೂ ಬೇರೆ, ಪಿನ್ನುಗಳೂ ಬೇರೆ, ಮಾರುಕಟ್ಟೆಯ ಸಾಮಾನ್ಯ ಎಸ್‌ಎಂಪಿಎಸ್ ಕೂರುವುದಿಲ್ಲ.

ಪ್ರಶ್ನೆ: ನಮ್ಮದೂ 4ನೇ ತಲೆಮಾರಿನ ಐ5. ವಿಂಡೋಸ್ 10 ನಿಂತುಹೋಯಿತಲ್ಲ, 11 ಹಾಕಬಹುದೇ?
– ಓದುಗರು, ಕುಂದಾಪುರ

ಉತ್ತರ: ಅಧಿಕೃತವಾಗಿ ಆಗದು. ವಿಂಡೋಸ್ 11ಕ್ಕೆ ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ವ್ಯವಸ್ಥೆ) ಬೇಕು, ಇಂಟೆಲ್ ಆದರೆ, ಕೆಲವು ಅಪವಾದ ಬಿಟ್ಟು, 8ನೇ ತಲೆಮಾರಾದರೂ ಆಗಿರಬೇಕು. ಅಡ್ಡದಾರಿಯಲ್ಲಿ ಹಾಕಿಕೊಡುವವರಿದ್ದಾರೆ, ಆದರೆ ಮುಂದೆ ಅಪ್‌ಡೇಟ್ ಬರುವ ಭರವಸೆ ಯಾರೂ ಕೊಡಲಾರರು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವೈಯಕ್ತಿಕ ಬಳಕೆದಾರರು ವಿಸ್ತರಿತ ಭದ್ರತಾ ಯೋಜನೆಗೆ ಸೇರಿದರೆ 2026ರ ಅಕ್ಟೋಬರ್ 13ರವರೆಗೆ ಅಪ್‌ಡೇಟ್ ಸಿಗುತ್ತದೆ. ಬರೀ ಬ್ರೌಸರ್, ಟೈಪಿಂಗ್, ವಿಡಿಯೋ ಸಾಕೆನ್ನುವ ಮನೆಗೆ ಲಿನಕ್ಸ್ ಮಿಂಟ್ ಚೆನ್ನಾಗಿ ಹೊಂದುತ್ತದೆ. ಅದರಲ್ಲಿ ಕಗಪ ಕೀಲಿಮಣೆ ವಿನ್ಯಾಸವೂ ಇದೆ, ಕನ್ನಡ ಟೈಪಿಂಗಿಗೆ ತೊಂದರೆಯಿಲ್ಲ. ಹಳೇ ವಿಂಡೋಸ್ ತಂತ್ರಾಂಶ ಬಿಡಲಾಗದವರು ಆ ಯಂತ್ರದ ಇಂಟರ್‌ನೆಟ್ ಕಿತ್ತು ಪುಟ ಕಟ್ಟಲಷ್ಟೇ ಇಟ್ಟುಕೊಳ್ಳಿ. ಬ್ಯಾಂಕು, ಆಧಾರ್ ಕೆಲಸ ಅದರಲ್ಲಿ ಬೇಡ.

ಪ್ರಶ್ನೆ: ಕಂಪ್ಯೂಟರ್ ಇದ್ದಕ್ಕಿದ್ದಂತೆ ಆಫ್ ಆಗುತ್ತದೆ. ಬೋರ್ಡ್ ಹೋಗಿದೆ ಎನ್ನುತ್ತಿದ್ದಾರೆ. ಹೇಗೆ ತಿಳಿಯುವುದು?
– ಓದುಗರು, ಗದಗ

ಉತ್ತರ: ಬಿಸಿಯಿಂದಲೋ ಕರೆಂಟಿನಿಂದಲೋ ಎಂದು ಮೊದಲು ಬೇರ್ಪಡಿಸಿ. ಎಚ್‌ಡಬ್ಲ್ಯೂಮಾನಿಟರ್ ಎಂಬ ತಂತ್ರಾಂಶದಲ್ಲಿ ಪ್ರೊಸೆಸರ್ ಉಷ್ಣಾಂಶ 90 ಡಿಗ್ರಿ ದಾಟುತ್ತಿದ್ದರೆ ಫ್ಯಾನ್ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳಲ್ಲಿ ಧೂಳು ಕಂಬಳಿಯಂತೆ ಕಟ್ಟಿರುತ್ತದೆ, ಪ್ರೊಸೆಸರ್ ಮತ್ತು ಕೂಲರಿನ ನಡುವೆ ಶಾಖ ಸಾಗಿಸುವ ಪೇಸ್ಟ್ ಒಣಗಿರುತ್ತದೆ. ಫ್ಯಾನನ್ನು ಬೆರಳಿನಿಂದ ಹಿಡಿದು ಧೂಳು ಊದಿ. ಇಂಟೆಲ್ ಕೂಲರಿನ ನಾಲ್ಕೂ ಪಿನ್ನುಗಳನ್ನು ಬಾಣದ ದಿಕ್ಕಿಗೆ ತಿರುಗಿಸಿ ಎಬ್ಬಿಸಿ, ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಬಟಾಣಿಗಿಂತ ಚಿಕ್ಕದಾದ ಒಂದೇ ಹನಿ ಹೊಸ ಪೇಸ್ಟ್ ಪ್ರೊಸೆಸರಿನ ನಟ್ಟನಡುವೆ ಇಡಿ. ಕೂರಿಸುವಾಗ ಮೂಲೆಯಿಂದ ಎದುರು ಮೂಲೆಗೆ ಒತ್ತಿ. ಒಂದು ಪಿನ್ ಸರಿಯಾಗಿ ಕೂರದಿದ್ದರೂ ಬಿಸಿ ಮತ್ತೆ ಏರುತ್ತದೆ.

ಉಷ್ಣಾಂಶ 60ರೊಳಗಿದ್ದೂ ಆಫ್ ಆದರೆ ಎಸ್‌ಎಂಪಿಎಸ್ ಮೇಲೆ ಅನುಮಾನಪಡಿ. ಹಸಿರು, ಕಪ್ಪು ತಂತಿಗಳನ್ನು ಕ್ಲಿಪ್ಪಿನಿಂದ ಸೇರಿಸಿ ಫ್ಯಾನ್ ತಿರುಗಿಸಿ ತೋರಿಸಿದರೆ ಅದು ಸರಿಯಿದೆ ಎಂದಾಗುವುದಿಲ್ಲ, ಹೊರೆ ಬಿದ್ದಾಗ ಕುಸಿಯುವುದು ಅದರಲ್ಲಿ ಕಾಣದು. ಕಂಪ್ಯೂಟರ್ ಕೆಲಸ ಮಾಡುತ್ತಿರುವಾಗಲೇ ಖಾಲಿ ಬಿಟ್ಟ ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ ಮಲ್ಟಿಮೀಟರ್ ಹಿಡಿಯಿರಿ: ಹಳದಿ ತಂತಿಯಲ್ಲಿ 11.4ರಿಂದ 12.6 ವೋಲ್ಟ್, ಕೆಂಪಿನಲ್ಲಿ 4.75ರಿಂದ 5.25 ಇರಬೇಕು. ತಪ್ಪಿದರೆ 80 ಪ್ಲಸ್ ಗುರುತಿನ 450 ವ್ಯಾಟ್‌ನದು ಹಾಕಿ. ಎಸ್‌ಎಂಪಿಎಸ್ ಮಾತ್ರ ನೀವಾಗಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲೆ ಉಳಿದಿರಬಹುದು. ಬೋರ್ಡಿನಲ್ಲಿ ಪ್ರೊಸೆಸರ್ ಸುತ್ತಲಿನ ಕೆಪಾಸಿಟರುಗಳ ನೆತ್ತಿ ಉಬ್ಬಿದ್ದರೆ, ಕಂದು ಬಣ್ಣ ಒಸರಿದ್ದರೆ ಮಾತ್ರ ಬೋರ್ಡ್ ಹೋಗಿದೆ ಎಂಬ ಮಾತಿಗೆ ಬೆಲೆ ಕೊಡಿ.

ಪ್ರಶ್ನೆ: ದಿನವೂ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಬ್ಯಾಂಕಿನ ಸೈಟ್ ತೆರೆಯುವುದಿಲ್ಲ. ವೈರಸ್ಸೇ?
– ಓದುಗರು, ಸಾಗರ

ಉತ್ತರ: ಅಲ್ಲ, ಬೋರ್ಡಿನ ಸಿಆರ್2032 ಬಟನ್ ಸೆಲ್ ಮುಗಿದಿದೆ. ತಾರೀಖು ತಪ್ಪಿದಾಗ ಸೈಟಿನ ಭದ್ರತಾ ಪ್ರಮಾಣಪತ್ರ ಹೊಂದದೆ ಬ್ರೌಸರ್ ತಡೆಯುತ್ತದೆ. ಹೊಸ ಸೆಲ್ 3 ವೋಲ್ಟ್ ತೋರಿಸಬೇಕು, 2.7ಕ್ಕೆ ಇಳಿದದ್ದು ಬೇಡ. ಬದಲಿಸುವ ಮುನ್ನ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ಸ್) ಸಾಟಾ ಮೋಡ್ ಮತ್ತು ಬೂಟ್ ಮೋಡ್ ಪುಟಗಳ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಸೆಲ್ ತೆಗೆದಾಗ ಸಾಟಾ ಮೋಡ್ ಎಎಚ್‌ಸಿಐಯಿಂದ ಐಡಿಇಗೆ, ಅಥವಾ ಐಡಿಇಯಿಂದ ಎಎಚ್‌ಸಿಐಗೆ ಬದಲಾದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಅದನ್ನು ನೋಡಿ ಫಾರ್ಮ್ಯಾಟ್ ಮಾಡಿಸಬೇಡಿ, ಮೋಡನ್ನು ಫೋಟೋದಲ್ಲಿದ್ದಂತೆ ಮರಳಿಸಿದರೆ ಮೊದಲಿನಂತೆ ಶುರುವಾಗುತ್ತದೆ.