ಖುಲಾಸೆಯಾದ ಹಳೆಯ ಮೊಕದ್ದಮೆಯನ್ನು, ಸರ್ಕಾರಿ ಕೆಲಸಕ್ಕೆ ಸೇರುವಾಗ ನಮ್ಮ ಹಿನ್ನೆಲೆಯ ವಿವರ ತುಂಬಿಕೊಡುವ ಅಟೆಸ್ಟೇಶನ್ ಫಾರ್ಮಿನಲ್ಲಿ ಬರೆಯದಿದ್ದರೆ ಗೊತ್ತಾಗುತ್ತದೆಯೇ?

ಇದೇ ಪ್ರಶ್ನೆಗೆ 2009ರಲ್ಲಿ ನಾನು ಯಾರನ್ನೂ ಕೇಳದೆ ನನಗೆ ನಾನೇ ಉತ್ತರ ಹೇಳಿಕೊಂಡು, ಕೇಂದ್ರ ಸರ್ಕಾರದ ಇಲಾಖೆಯೊಂದರಲ್ಲಿ ಸಿಕ್ಕಿದ್ದ ಕೆಲಸವನ್ನು ಕಳೆದುಕೊಂಡೆ. ಕಾಲೇಜಿನಲ್ಲಿದ್ದಾಗ ರಸ್ತೆ ತಡೆ ನಡೆಸಿದ್ದಕ್ಕೆ ನಮ್ಮ ಮೇಲೆ ಮೊಕದ್ದಮೆ ದಾಖಲಾಗಿ, ಎರಡು ವರ್ಷಗಳ ಬಳಿಕ ಎಲ್ಲರೂ ಖುಲಾಸೆಯಾಗಿದ್ದೆವು.

ನಾನು ಎಡವಿದ್ದು ಎಲ್ಲಿ ಎಂಬುದನ್ನು ಬಿಡಿಸಿ ಹೇಳಬೇಕು. ನೀವು ಅಪರಾಧಿಯೇ ಎಂದಷ್ಟೇ ಆ ಫಾರ್ಮು ಕೇಳುವುದಿಲ್ಲ. ಎಂದಾದರೂ ಬಂಧನವಾಗಿತ್ತೇ, ಮೊಕದ್ದಮೆ ನಡೆದಿತ್ತೇ, ಶಿಕ್ಷೆಯಾಗಿತ್ತೇ ಎಂದು ಒಂದೊಂದನ್ನೂ ಬೇರೆ ಬೇರೆಯಾಗಿ ಕೇಳುತ್ತದೆ. ನಾನು ಎಲ್ಲವನ್ನೂ ಒಂದೇ ಪ್ರಶ್ನೆಯೆಂದು ಓದಿಕೊಂಡು ಸಾಲಾಗಿ ‘ಇಲ್ಲ’, ‘ಇಲ್ಲ’, ‘ಇಲ್ಲ’ ಎಂದು ಬರೆದೆ. ಮೂರನೆಯದು ಮಾತ್ರ ನಿಜವಾಗಿತ್ತು. ಖುಲಾಸೆಯಾದ ಮಾತ್ರಕ್ಕೆ ಮೊಕದ್ದಮೆಯೇ ನಡೆದಿರಲಿಲ್ಲವೆಂದು ಆಗುವುದಿಲ್ಲ. ಠಾಣೆಯ ಕಡತದಲ್ಲಿ ಅದರ ಅಪರಾಧ ಸಂಖ್ಯೆ ಹಾಗೆಯೇ ಇತ್ತು. ಮಾಹಿತಿಯನ್ನು ಮುಚ್ಚಿಟ್ಟರೆ ಅನರ್ಹರಾಗುತ್ತೀರಿ ಎಂಬ ಎಚ್ಚರಿಕೆ ಫಾರ್ಮಿನ ಮೇಲ್ಭಾಗದಲ್ಲೇ ಅಚ್ಚಾಗಿತ್ತು. ನೇಮಕಾತಿ ರದ್ದುಪಡಿಸಿದ ಪತ್ರದಲ್ಲಿ ಚಳವಳಿಯ ಪ್ರಸ್ತಾಪವೇ ಇರಲಿಲ್ಲ, ಮಾಹಿತಿ ಮರೆಮಾಚಿದ್ದೊಂದೇ ಕಾರಣವಾಗಿತ್ತು. ನನ್ನ ಹಿನ್ನೆಲೆಯನ್ನು ಪರಿಶೀಲಿಸಿ ಪೊಲೀಸರು ಕೊಟ್ಟಿದ್ದ ವರದಿಯ ಪ್ರತಿ ಕೇಳಿದಾಗ ಗೋಪ್ಯವೆಂದು ಕೊಡಲಿಲ್ಲ.

ನಮ್ಮ ಬಗ್ಗೆ ಬರೆದದ್ದನ್ನು ನಮ್ಮಿಂದಲೇ ಬಚ್ಚಿಡುವ ಈ ಗೋಪ್ಯತೆಯನ್ನು ನಾನು ಇಂದಿಗೂ ಒಪ್ಪುವುದಿಲ್ಲ. ಬ್ರಿಟಿಷರ ಕಾಲದ, 1923ರ ಅಧಿಕೃತ ರಹಸ್ಯಗಳ ಕಾಯ್ದೆ ಈಗಲೂ ಜಾರಿಯಲ್ಲಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯೂ ತನ್ನ 24ನೆಯ ಕಲಮಿನಲ್ಲಿ ಐಬಿ, ರಾ ಮುಂತಾದ ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳನ್ನು, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳನ್ನು ಬಿಟ್ಟು, ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹಾಗೆಂದು ಪೊಲೀಸ್ ವರದಿಯೇ ಅಂತಿಮವಲ್ಲ. ಆರೆಸ್ಸೆಸ್ ಮತ್ತು ಜನಸಂಘದ ಚಟುವಟಿಕೆಗಳಲ್ಲಿ ಭಾಗವಹಿಸಿದ್ದರೆಂಬ ವರದಿಯ ಮೇಲೆ ಮಧ್ಯಪ್ರದೇಶದ ಶಿಕ್ಷಕರೊಬ್ಬರನ್ನು ತೆಗೆದುಹಾಕಿದ್ದನ್ನು 1983ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರ ಆ ತೀರ್ಪನ್ನು ನಾನು ಅದೆಷ್ಟು ಸಲ ಓದಿದ್ದೇನೋ. ನಿಜ ಬರೆದಿದ್ದರೆ ಅದರ ಬಲದಿಂದ ವಾದಿಸಬಹುದಿತ್ತು.

ಆದ್ದರಿಂದ ಗೊತ್ತಾಗುತ್ತದೆಯೇ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಗೊತ್ತಾಗುವುದು ಹತ್ತು ವರ್ಷಗಳ ನಂತರವಾದರೂ ಕೆಲಸ ಹೋಗಬಹುದು. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕ್ಷುಲ್ಲಕ ಪ್ರಕರಣಗಳನ್ನು ಮುಚ್ಚಿಟ್ಟವರನ್ನು ಮನ್ನಿಸುವ ಅವಕಾಶವನ್ನು ಇಲಾಖೆಯ ವಿವೇಚನೆಗೆ ಬಿಟ್ಟಿತು. ನಿಜ ಹೇಳಿದವರನ್ನೂ ನೇಮಿಸಿಕೊಳ್ಳಲೇಬೇಕೆಂದು ಅದು ಹೇಳಿಲ್ಲ ಎಂಬುದೂ ನಿಮಗೆ ತಿಳಿದಿರಲಿ. ಆದರೂ ಬರೆಯಿರಿ. ಅಪರಾಧ ಸಂಖ್ಯೆ, ನ್ಯಾಯಾಲಯ, ತೀರ್ಪಿನ ದಿನಾಂಕ ಮೂರನ್ನೂ ನಮೂದಿಸಿ, ತೀರ್ಪಿನ ದೃಢೀಕೃತ ಪ್ರತಿಯನ್ನು ಲಗತ್ತಿಸಿ. ಅದು ಕೈಯಲ್ಲಿಲ್ಲದಿದ್ದರೆ ನಾಳೆಯೇ ನ್ಯಾಯಾಲಯದಲ್ಲಿ ನಕಲಿಗೆ ಅರ್ಜಿ ಹಾಕಿ.