ವಿಳಾಸದ ಫಾರ್ಮ್ ಒಂದೇ ಸಾಕು, ಆದರೆ ಮೊದಲು ಟೇಬಲ್ ನೋಡಿ

ಪ್ರಶ್ನೆ: ನಮ್ಮೂರಿನ ಪತ್ತಿನ ಸಹಕಾರ ಸಂಘಕ್ಕೆ ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ ಆಕ್ಸೆಸ್‌ನಲ್ಲಿ ಒಂದು ಅಪ್ಲಿಕೇಶನ್ ಮಾಡಿಕೊಟ್ಟಿದ್ದೇನೆ. ಸದಸ್ಯರು, ಜಾಮೀನುದಾರರು, ನಾಮಿನಿ ಮೂವರಿಗೂ ಬೇರೆ ಬೇರೆ ಎಂಟ್ರಿ ಫಾರ್ಮ್ ಇದೆ. ಮೂರರಲ್ಲೂ ಹೆಸರು, ವಿಳಾಸ, ಪಿನ್‌ಕೋಡ್, ಮೊಬೈಲ್ ಇವೆ. ಒಂದು ಕಡೆ ಬದಲಾವಣೆ ಮಾಡಿದರೆ ಉಳಿದೆರಡು ಕಡೆ ಮರೆತುಹೋಗುತ್ತದೆ. ವಿಳಾಸದ ಭಾಗವನ್ನು ಒಮ್ಮೆ ಮಾಡಿ ಎಲ್ಲ ಕಡೆ ಬಳಸಲು ಬರುತ್ತದೆಯೇ?
– ಓದುಗರು, ಶಿರಸಿ

ಉತ್ತರ: ಬರುತ್ತದೆ, ಅದಕ್ಕೆಂದೇ ಸಬ್‌ಫಾರ್ಮ್ (ಫಾರ್ಮ್‌ನೊಳಗೆ ಕೂರುವ ಇನ್ನೊಂದು ಫಾರ್ಮ್) ಇದೆ. ಆದರೆ ನಿಮ್ಮ ತೊಂದರೆ ಶುರುವಾಗಿದ್ದು ಫಾರ್ಮ್‌ನಲ್ಲಿ ಅಲ್ಲ, ತುಂಬಿದ ಮಾಹಿತಿ ಹೋಗಿ ಕೂರುವ ಟೇಬಲ್‌ನಲ್ಲಿ. ಪತ್ತಿನ ಸಂಘದಲ್ಲಿ ಜಾಮೀನು ಹಾಕುವವರು ಸಾಮಾನ್ಯವಾಗಿ ಸಂಘದ ಸದಸ್ಯರೇ. ಹಾಗಿರುವಾಗ ಒಬ್ಬರೇ ಮನುಷ್ಯರ ವಿಳಾಸ ಎರಡು ಟೇಬಲ್‌ಗಳಲ್ಲಿ ಕೂತಿದೆ. ಫಾರ್ಮ್ ಎಷ್ಟು ಚೆಂದ ಮಾಡಿದರೂ ಆ ಎರಡು ಪ್ರತಿಗಳು ಒಂದಲ್ಲ ಒಂದು ದಿನ ಬೇರೆ ಬೇರೆ ಹೇಳುತ್ತವೆ.

‘ವ್ಯಕ್ತಿ’ ಎಂಬ ಒಂದೇ ಟೇಬಲ್ ಮಾಡಿ, ಪ್ರತಿಯೊಬ್ಬರಿಗೂ ಒಂದು ವ್ಯಕ್ತಿ ಸಂಖ್ಯೆ ಕೊಡಿ. ಸದಸ್ಯ ಟೇಬಲ್‌ನಲ್ಲಿ ಆ ಸಂಖ್ಯೆ, ಸದಸ್ಯತ್ವ ಸಂಖ್ಯೆ, ಷೇರು ವಿವರ ಇದ್ದರೆ ಸಾಕು. ಜಾಮೀನು ಟೇಬಲ್‌ಗೆ ಸಾಲದ ಸಂಖ್ಯೆ ಮತ್ತು ವ್ಯಕ್ತಿ ಸಂಖ್ಯೆ, ನಾಮಿನಿಗೂ ಹಾಗೆಯೇ. ವಿಳಾಸ ಪ್ರತ್ಯೇಕ ಟೇಬಲ್‌ನಲ್ಲಿರಲಿ, ಅದಕ್ಕೂ ವ್ಯಕ್ತಿ ಸಂಖ್ಯೆಯೇ ಕೊಂಡಿ. ಈಗ ವಿಳಾಸದ ಫಾರ್ಮನ್ನು ಒಮ್ಮೆ ಮಾಡಿ ಮೂರು ಫಾರ್ಮ್‌ಗಳಲ್ಲೂ ಸಬ್‌ಫಾರ್ಮ್ ಆಗಿ ಕೂರಿಸಿ. ಮುಖ್ಯ ಫಾರ್ಮನ್ನೂ ಸಬ್‌ಫಾರ್ಮನ್ನೂ ಜೋಡಿಸುವ ‘ಲಿಂಕ್ ಮಾಸ್ಟರ್ ಫೀಲ್ಡ್ಸ್’, ‘ಲಿಂಕ್ ಚೈಲ್ಡ್ ಫೀಲ್ಡ್ಸ್’ ಎರಡರಲ್ಲೂ ವ್ಯಕ್ತಿ ಸಂಖ್ಯೆಯನ್ನೇ ಕೊಟ್ಟರೆ ಆಯಿತು. ಜಾಮೀನಿನ ಫಾರ್ಮ್‌ನ ಕಾಂಬೊ ಬಾಕ್ಸ್‌ನಲ್ಲಿ (ಆಯ್ಕೆಯ ಪಟ್ಟಿಯಲ್ಲಿ) ವ್ಯಕ್ತಿಯನ್ನು ಆರಿಸಿದ ತಕ್ಷಣ ಅವರ ವಿಳಾಸ ಕೆಳಗೆ ಬಂದು ನಿಲ್ಲುತ್ತದೆ. ಯಾರೂ ಮತ್ತೆ ಟೈಪ್ ಮಾಡಬೇಕಿಲ್ಲ.

ಒಂದು ವಿಷಯ ಮಾತ್ರ ಬೇರೆ. ಸಾಲಪತ್ರ ಬರೆದ ದಿನ ಇದ್ದ ವಿಳಾಸ ಆ ಪತ್ರದ ಭಾಗ. ಸದಸ್ಯರು ಮನೆ ಬದಲಿಸಿದರೆ ಹಳೆಯ ಸಾಲಪತ್ರದ ವಿಳಾಸ ತಾನಾಗಿ ಬದಲಾಗಬಾರದು. ಅದನ್ನು ಸಾಲದ ಟೇಬಲ್‌ಗೆ ನಕಲು ಮಾಡಿಯೇ ಇಡಿ.

ಸಬ್‌ಫಾರ್ಮ್ ಬಳಸುವವರು ಎಡವುವ ಜಾಗ ಇನ್ನೊಂದಿದೆ. ಕರ್ಸರ್ ಮುಖ್ಯ ಫಾರ್ಮ್‌ನಿಂದ ಸಬ್‌ಫಾರ್ಮ್‌ಗೆ ಹೋದ ಕೂಡಲೇ ಆಕ್ಸೆಸ್ ಮುಖ್ಯ ದಾಖಲೆಯನ್ನು ಸೇವ್ ಮಾಡುತ್ತದೆ. ಅರ್ಧ ತುಂಬಿದ ದಾಖಲೆಯೂ ಹೀಗೆ ಒಳಗೆ ಹೋಗಿಬಿಡಬಹುದು. ಆದ್ದರಿಂದ ಕಡ್ಡಾಯ ಫೀಲ್ಡ್‌ಗಳ ಪರೀಕ್ಷೆ ಮುಖ್ಯ ಫಾರ್ಮ್‌ನಲ್ಲಿ ಸೇವ್ ಆಗುವ ಮುನ್ನ ನಡೆಯುವ ‘ಬಿಫೋರ್ ಅಪ್‌ಡೇಟ್’ನಲ್ಲೇ ಇರಬೇಕು. ಮೇಲೆ ಏನೂ ತುಂಬದೆ ನೇರವಾಗಿ ವಿಳಾಸ ತುಂಬಿದರೆ, ವ್ಯಕ್ತಿ ಸಂಖ್ಯೆಯೇ ಇಲ್ಲದ ಅನಾಥ ವಿಳಾಸ ಉಳಿಯುವ ಅಪಾಯವಿದೆ. ವಿಳಾಸ ಟೇಬಲ್‌ನಲ್ಲಿ ವ್ಯಕ್ತಿ ಸಂಖ್ಯೆಯ ‘ರಿಕ್ವೈರ್ಡ್’ (ಕಡ್ಡಾಯ) ಅನ್ನು ‘ಯೆಸ್’ ಮಾಡಿಡಿ.

ಪಿನ್‌ಕೋಡ್ 6 ಅಂಕಿಗಳದ್ದು, ಮೊದಲ ಅಂಕಿ ಸೊನ್ನೆ ಆಗಿರುವುದಿಲ್ಲ. ಈ ನಿಯಮವನ್ನು ಟೇಬಲ್‌ನ ‘ವ್ಯಾಲಿಡೇಶನ್ ರೂಲ್’ನಲ್ಲೇ ಬರೆಯಿರಿ. ಆಗ ಯಾವ ಫಾರ್ಮ್‌ನಿಂದ ಬಂದರೂ, ಎಕ್ಸೆಲ್‌ನಿಂದ ಇಂಪೋರ್ಟ್ ಮಾಡಿದರೂ ಅದೇ ಕಾವಲು. ಪಿನ್‌ಕೋಡ್, ಮೊಬೈಲ್, ಐಎಫ್‌ಎಸ್‌ಸಿ ಎಲ್ಲವೂ ಟೆಕ್ಸ್ಟ್ ಫೀಲ್ಡ್ ಆಗಿರಲಿ. ಇವನ್ನು ಯಾರೂ ಕೂಡಿ ಕಳೆಯುವುದಿಲ್ಲ.

ಸಬ್‌ಫಾರ್ಮ್‌ನ ಕೋಡ್‌ನಲ್ಲಿ ‘ಸದಸ್ಯ ಫಾರ್ಮ್’ ಎಂದು ಹೆಸರು ಹಿಡಿದು ಎಲ್ಲೂ ಬರೆಯಬೇಡಿ. ಹಾಗೆ ಬರೆದ ದಿನವೇ ಅದು ಬೇರೆ ಫಾರ್ಮ್‌ನೊಳಗೆ ಕೆಲಸಕ್ಕೆ ಬಾರದಾಗುತ್ತದೆ. ಮತ್ತೆ ಬಳಸುವ ಆಸೆ ಅತಿಯಾಗುವುದೂ ಉಂಟು. ಮೂರೂ ಕೆಲಸಕ್ಕೆ ಒಂದೇ ದೊಡ್ಡ ಫಾರ್ಮ್ ಮಾಡಿ, ತೆರೆಯುವಾಗ ಕಳಿಸಿದ ಸಂಕೇತ ನೋಡಿ ಒಂದಷ್ಟು ಫೀಲ್ಡ್ ಅಡಗಿಸುವ, ಒಂದಷ್ಟು ತೋರಿಸುವ ಪದ್ಧತಿ ಅದು. ನಾನೂ ಮಾಡಿ ನೋಡಿದ್ದೇನೆ. ಆರು ತಿಂಗಳ ನಂತರ ಒಂದು ಫೀಲ್ಡ್ ಸೇರಿಸಲು ಹೋದರೆ ಎಲ್ಲಿ ಏನು ಅಡಗಿದೆಯೋ ನನಗೇ ಹೊಳೆಯಲಿಲ್ಲ. ಚಿಕ್ಕ ಸಬ್‌ಫಾರ್ಮ್ ಹಂಚಿಕೊಳ್ಳಿ, ಮುಖ್ಯ ಫಾರ್ಮ್‌ಗಳು ಬೇರೆಯೇ ಇರಲಿ.

ಹಳೆಯ ಮೂರು ಟೇಬಲ್‌ಗಳನ್ನು ಒಂದು ಮಾಡುವಾಗ ಆತುರ ಬೇಡ. ‘ಕೆ. ಮಂಜುನಾಥ’, ‘ಮಂಜುನಾಥ ಕೆ.’ ಒಬ್ಬರೇ ಇರಬಹುದು, ಇಲ್ಲದೆಯೂ ಇರಬಹುದು. ಮೊಬೈಲ್ ನಂಬರನ್ನೂ ನೆಚ್ಚುವಂತಿಲ್ಲ, ಮನೆಮಂದಿಗೆಲ್ಲ ಒಂದೇ ನಂಬರ್ ಕೊಟ್ಟಿರುತ್ತಾರೆ. ಹೊಂದಿಕೆಯಾಗುವ ಹೆಸರುಗಳ ಪಟ್ಟಿ ತೆಗೆದು, ಊರಿನವರನ್ನು ಬಲ್ಲ ಹಳೆಯ ಗುಮಾಸ್ತರೊಬ್ಬರ ಪಕ್ಕ ಕೂತು ಒಂದೊಂದಾಗಿ ನೋಡಿ.

ಪ್ರಶ್ನೆ: ತಪ್ಪು ತುಂಬಿದಾಗ ಕನ್ನಡದಲ್ಲಿ ಎಚ್ಚರಿಕೆ ಬರಲಿ ಎಂದು ಕೋಡ್‌ನಲ್ಲಿ ಬರೆದೆ. ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತಿವೆ.
– ಓದುಗರು, ಹಾಸನ

ಉತ್ತರ: ಆಕ್ಸೆಸ್‌ನ ಟೇಬಲ್, ಫಾರ್ಮ್‌ಗಳು 2000ದ ಆವೃತ್ತಿಯಿಂದಲೂ ಯೂನಿಕೋಡ್ (ಕನ್ನಡವೂ ಸೇರಿದಂತೆ ಹಲವು ಲಿಪಿಗಳ ಅಕ್ಷರ ಸಂಕೇತ) ಬಲ್ಲವು. ಆದರೆ ಕೋಡ್ ಬರೆಯುವ ವಿಬಿಎ ಎಡಿಟರ್‌ಗೆ ಅದು ಬಾರದು, ಕನ್ನಡ ಅಲ್ಲೇ ಅಳಿಸಿಹೋಗುತ್ತದೆ. ಎಚ್ಚರಿಕೆಯ ವಾಕ್ಯಗಳನ್ನೆಲ್ಲ ಒಂದು ಟೇಬಲ್‌ನಲ್ಲಿ ಸಂಖ್ಯೆ ಕೊಟ್ಟು ಇಡಿ. ಕೋಡ್ ಆ ಸಂಖ್ಯೆಯ ವಾಕ್ಯವನ್ನು ತಂದು, ಮೆಸೇಜ್ ಬಾಕ್ಸ್ ಬದಲು ಫಾರ್ಮ್‌ನ ಕೆಳಗಿರುವ ಲೇಬಲ್‌ನಲ್ಲಿ ಕೆಂಪಕ್ಷರದಲ್ಲಿ ತೋರಿಸಲಿ. ‘ಪಿನ್‌ಕೋಡ್ ಅಮಾನ್ಯ’ ಎಂಬುದನ್ನು ‘ಪಿನ್‌ಕೋಡ್‌ನಲ್ಲಿ 6 ಅಂಕಿ ಇರಬೇಕು, ಇನ್ನೊಮ್ಮೆ ನೋಡಿ’ ಎಂದು ಬದಲಿಸಬೇಕೆನಿಸಿದರೆ ಕೌಂಟರಿನಲ್ಲಿ ಕೂತವರೇ ಬದಲಿಸಬಹುದು, ಕೋಡ್ ತೆರೆಯಬೇಕಿಲ್ಲ.