ಬೈಬಲಿನಲ್ಲಿ ಇಲ್ಲದ ಸುವಾರ್ತೆಗಳನ್ನು ಚರ್ಚು ಮುಚ್ಚಿಹಾಕಿತೇ?

ನೀವು ಕೇಳಿರುವುದು ಮೂರು ಸಂಗತಿ: ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ಕಲ್ಲದೆ ಬೇರೆ ಸುವಾರ್ತೆಗಳೂ (ಯೇಸುವಿನ ಜೀವನ, ಬೋಧನೆಗಳನ್ನು ಹೇಳುವ ಪುಸ್ತಕಗಳೂ) ನಿಜವಾಗಿ ಇದ್ದವೇ, ಇದ್ದರೆ ಚರ್ಚು ಅವನ್ನು ಸುಟ್ಟು ಮುಚ್ಚಿಹಾಕಿತೇ, ಹೊಸದಾಗಿ ಓದುವವರು ಯಾವುದರಿಂದ ತೊಡಗಬೇಕು. ಮೊದಲನೆಯದಕ್ಕೆ ಉತ್ತರ ಹೌದು, ಹತ್ತಾರು ಇದ್ದವು. ಎರಡನೆಯದಕ್ಕೆ ಒಂದೇ ಮಾತಿನ ಉತ್ತರ ಸಾಲದು. ಇವುಗಳಲ್ಲಿ ಹಲವು ಉಳಿದಿರುವುದು ಕಾಪ್ಟಿಕ್‌ನಲ್ಲಿ, ಅಂದರೆ ಈಜಿಪ್ಟಿನ ಹಳೆಯ ಕ್ರೈಸ್ತರ ಭಾಷೆಯಲ್ಲಿ; ಅದು ನನಗೆ ಬಾರದು. ಇಂಗ್ಲಿಷ್ ಅನುವಾದಗಳ ಮೂಲಕ ಹಲವು ವರ್ಷಗಳಿಂದ ಇವನ್ನು ಓದುತ್ತ ಬಂದಿದ್ದೇನೆ. ಆ ಓದಿನ ಆಧಾರದ ಮೇಲೆ ಬರೆಯುತ್ತಿದ್ದೇನೆ.

ಈ ವಿಷಯದಲ್ಲಿ ನನ್ನ ಆಸಕ್ತಿ ಹುಟ್ಟಿದ್ದು ಮನೆಯಲ್ಲೇ. ಮಂಗಳೂರು ಕಡೆಯ ಕಥೋಲಿಕರಾದ ನಮಗೆ ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಅಂದರೆ ಮಾತೆ ಮರಿಯಳು ಹುಟ್ಟಿದ ದಿನ, ಬಹಳ ದೊಡ್ಡದು. ಒಂಬತ್ತು ದಿನ ಮಕ್ಕಳು ಹೂ ಕೊಯ್ದು ತಂದು ಬಾಲೆ ಮರಿಯಳ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ, ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಹಂಚಿಕೊಳ್ಳುತ್ತಾರೆ. ಆ ದಿನ ನನ್ನ ಅಜ್ಜಿ ತಪ್ಪದೆ ಒಂದು ಕಥೆ ಹೇಳುತ್ತಿದ್ದರು. ಮಕ್ಕಳಿಲ್ಲವೆಂಬ ಕಾರಣಕ್ಕೆ ದೇವಾಲಯದಲ್ಲಿ ಕಾಣಿಕೆ ಸಲ್ಲಿಸಲು ಹೋದಾಗ ಅವಮಾನಕ್ಕೆ ಒಳಗಾದ ಜೋಕಿಂ, ಅಂದರೆ ಮರಿಯಳ ತಂದೆ, ಮನೆಗೆ ಬಾರದೆ ಅಡವಿಗೆ ಹೋಗಿ ನಲವತ್ತು ದಿನ ಉಪವಾಸ ಕೂರುತ್ತಾನೆ. ಇತ್ತ ಅವನ ಹೆಂಡತಿ ಅನ್ನಮ್ಮ ತೋಟದ ಮರದಲ್ಲಿ ಗುಬ್ಬಚ್ಚಿಯ ಗೂಡನ್ನು ಕಂಡು, ಹಕ್ಕಿಗಳಿಗೂ ಮರಿಗಳಿವೆ, ನನಗೆ ಮಾತ್ರ ಇಲ್ಲವಲ್ಲ ಎಂದು ಅಳುತ್ತಾಳೆ. ಆಗ ದೇವದೂತ ಬರುತ್ತಾನೆ. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಈ ಕಥೆಯನ್ನು ಬೈಬಲಿನಲ್ಲಿ ಹುಡುಕಿದೆ. ನಾಲ್ಕು ಸುವಾರ್ತೆಗಳನ್ನೂ ತಿರುವಿ ಹಾಕಿದರೂ ಸಿಗಲಿಲ್ಲ. ಮರಿಯಳ ತಂದೆತಾಯಿಯ ಹೆಸರು ಕೂಡ ಹೊಸ ಒಡಂಬಡಿಕೆಯಲ್ಲಿ ಎಲ್ಲಿಯೂ ಇಲ್ಲ.

ಆ ಕಥೆ ಇರುವುದು ಯಾಕೋಬನ ಹೆಸರಿನಲ್ಲಿರುವ, ಎರಡನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಒಂದು ಸುವಾರ್ತೆಯಲ್ಲಿ. ಅದನ್ನು ಬೈಬಲಿಗೆ ಸೇರಿಸಲಿಲ್ಲ, ಪಶ್ಚಿಮದ ಚರ್ಚು ಅದನ್ನು ತ್ಯಾಜ್ಯ ಪುಸ್ತಕಗಳ ಪಟ್ಟಿಯಲ್ಲಿ ಹೆಸರಿಸಿದ್ದೂ ಉಂಟು. ಆದರೂ ಅದರ ನೂರಕ್ಕಿಂತ ಹೆಚ್ಚು ಗ್ರೀಕ್ ಹಸ್ತಪ್ರತಿಗಳು ಉಳಿದಿವೆ, ಅದರ ಕಥೆ ಹಬ್ಬವಾಯಿತು, ಚಿತ್ರವಾಯಿತು, ನಮ್ಮೂರಿನವರೆಗೂ ಬಂತು. ಬಾಲಯೇಸು ಮಣ್ಣಿನ ಗುಬ್ಬಚ್ಚಿಗಳನ್ನು ಮಾಡಿ ಹಾರಿಬಿಟ್ಟ ಕಥೆಯೂ ಹೀಗೆಯೇ. ಅದು ಬೈಬಲಿನಲ್ಲಿಲ್ಲ, ತೋಮನ ಹೆಸರಿನ ಬಾಲ್ಯದ ಸುವಾರ್ತೆಯಲ್ಲಿದೆ. ಮಣ್ಣಿನ ಹಕ್ಕಿಗೆ ಜೀವ ಬಂದ ಪ್ರಸಂಗ ಕುರಾನಿನಲ್ಲಿಯೂ ಬರುತ್ತದೆ. ಆದ್ದರಿಂದ ಬೈಬಲಿನಿಂದ ಹೊರಗುಳಿದದ್ದೆಲ್ಲ ಕಳೆದುಹೋಯಿತು ಎಂಬ ತಿಳಿವಳಿಕೆಯನ್ನು ಮೊದಲು ಬಿಡಬೇಕು. ಜನರಿಗೆ ಬೇಕಾದದ್ದನ್ನು ಜನ ನಕಲು ಮಾಡಿಕೊಳ್ಳುತ್ತಲೇ ಹೋದರು.

ನಿಜವಾಗಿ ಕಳೆದುಹೋದವು ಬೇರೆ, ಅವು ಮರಳಿ ದೊರೆತದ್ದು ಹೆಚ್ಚಾಗಿ ಈಜಿಪ್ಟಿನ ಒಣ ಮರಳಿನಲ್ಲಿ. 1897ರ ಜನವರಿಯಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಆಕ್ಸ್‌ಫರ್ಡ್ ವಿದ್ವಾಂಸರು ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದ ಕಸದ ದಿಬ್ಬಗಳನ್ನು ಅಗೆಸುತ್ತಿದ್ದರು. ಕೆಲಸ ಶುರುವಾದ ಎರಡನೆಯ ದಿನವೇ ಹಂಟ್ ಕೈಗೆ ಸುಕ್ಕುಗಟ್ಟಿದ ಪಪೈರಸ್ (ಜೊಂಡಿನಿಂದ ಮಾಡಿದ ಹಳೆಯ ಕಾಲದ ಕಾಗದ) ಹಾಳೆಯೊಂದು ಬಂತು. ಎರಡೂ ಮಗ್ಗುಲಲ್ಲಿ ಬರೆದಿದ್ದ ಆ ಹಾಳೆಯಲ್ಲಿ ಅವರ ಕಣ್ಣಿಗೆ ಬಿದ್ದ ಒಂದು ಗ್ರೀಕ್ ಪದ ಕಾರ್ಫೋಸ್. ನಮ್ಮ ಕನ್ನಡ ಬೈಬಲಿನಲ್ಲಿ ಅದು 'ರವೆ': ನಿನ್ನ ಕಣ್ಣಿನ ತೊಲೆಯನ್ನು ಬಿಟ್ಟು ಸಹೋದರನ ಕಣ್ಣಿನ ರವೆಯನ್ನು ಏಕೆ ನೋಡುತ್ತೀ ಎಂಬ ಮಾತಿನ ರವೆ. ಓದುತ್ತ ಹೋದರೆ ಅದು ಯೇಸುವಿನ ಮಾತುಗಳ ಸಂಗ್ರಹ, ಆದರೆ ಕೆಲವು ಮಾತುಗಳು ಯಾವ ಸುವಾರ್ತೆಯಲ್ಲಿಯೂ ಇಲ್ಲ. ಅದು ಯಾವ ಪುಸ್ತಕದ ಹಾಳೆ ಎಂದು ಸುಮಾರು ಐವತ್ತು ವರ್ಷ ಯಾರಿಗೂ ತಿಳಿಯಲಿಲ್ಲ. (ಕನ್ನಡಿಗರಿಗೆ ಈ ಊರಿನ ಹೆಸರು ಹೊಸದಲ್ಲ. ಹುಲ್ಟ್ಜ್, ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಮುಂತಾದವರು ಕನ್ನಡದ ಮಾತುಗಳಿವೆ ಎಂದು ವಾದಿಸಿದ ಗ್ರೀಕ್ ಪ್ರಹಸನ, ಆಕ್ಸಿರಿಂಕಸ್ ಪಪೈರಸ್ 413, ಸಿಕ್ಕಿದ್ದು ಈ ಪಟ್ಟಣದ ಕಸದಲ್ಲಿಯೇ. ಆ ಮಾತುಗಳು ಕನ್ನಡವೇ ಎಂಬುದರಲ್ಲಿ ಒಮ್ಮತವಿಲ್ಲ.)

ಉತ್ತರ ಸಿಕ್ಕಿದ್ದು 1945ರ ಡಿಸೆಂಬರಿನಲ್ಲಿ ನಾಗ್ ಹಮ್ಮಾದಿ ಪಟ್ಟಣದ ಹತ್ತಿರ ಬೆಳಕಿಗೆ ಬಂದ ಪುಸ್ತಕಗಳಿಂದ. ಹೊಲಕ್ಕೆ ಗೊಬ್ಬರದ ಮಣ್ಣು ಅಗೆಯಲು ಬೆಟ್ಟದ ಬುಡಕ್ಕೆ ಹೋದ ಮುಹಮ್ಮದ್ ಅಲಿ ಎಂಬ ರೈತನಿಗೆ ಬಾಯಿ ಮುಚ್ಚಿದ ಮಣ್ಣಿನ ದೊಡ್ಡ ಜಾಡಿ ಸಿಕ್ಕಿತು. ಒಳಗೆ ಜಿನ್ ಇರಬಹುದೆಂದು ಹೆದರಿ, ಚಿನ್ನ ಇರಬಹುದೆಂದು ಆಸೆಪಟ್ಟು ಕೊನೆಗೆ ಒಡೆದ. ಮನೆಗೆ ತಂದ ಹಾಳೆಗಳಲ್ಲಿ ಕೆಲವನ್ನು ಅವನ ತಾಯಿ ಒಲೆ ಉರಿಸಲು ಬಳಸಿದಳು. ಇದು ಆತನೇ ಎಷ್ಟೋ ವರ್ಷಗಳ ಮೇಲೆ ಹೇಳಿದ ಕಥೆ, ಇದರ ವಿವರಗಳನ್ನು ಈಚಿನ ವಿದ್ವಾಂಸರು ಪ್ರಶ್ನಿಸಿದ್ದಾರೆ. ಪ್ರಶ್ನೆಯೇ ಇಲ್ಲದ್ದು ಪುಸ್ತಕಗಳ ಬಗ್ಗೆ: ಚರ್ಮದ ರಕ್ಷಾಕವಚವಿದ್ದ 12 ಪುಸ್ತಕಗಳು, ಹದಿಮೂರನೆಯದರ ಕೆಲವು ಹಾಳೆಗಳು, ಒಟ್ಟು 52 ಬರಹಗಳು, ಎಲ್ಲವೂ ಕಾಪ್ಟಿಕ್ ಭಾಷೆಯಲ್ಲಿ. ಒಂದು ಪುಸ್ತಕದ ರಟ್ಟನ್ನು ಗಟ್ಟಿಮಾಡಲು ಅಂಟಿಸಿದ್ದ ಹಳೆಯ ಕಾಗದಪತ್ರಗಳ ಮೇಲೆ 341, 346, 348ನೇ ಇಸವಿಗಳ ತಾರೀಖುಗಳಿರುವುದರಿಂದ ಅದನ್ನು ಕಟ್ಟಿದ್ದು ಅದಕ್ಕಿಂತ ಮುಂಚೆಯಲ್ಲ ಎಂದು ಖಚಿತವಾಗಿ ಹೇಳಬಹುದು. ಎಲ್ಲವೂ ಸುವಾರ್ತೆಗಳಲ್ಲ; ಗ್ರೀಕ್ ತತ್ವಜ್ಞಾನಿ ಪ್ಲೇಟೋನ ಕೃತಿಯೊಂದರ ಒಂದು ಭಾಗದ ತೀರ ಕೆಟ್ಟ ಅನುವಾದವೂ ಅವುಗಳ ನಡುವೆ ಇದೆ. ಈಗ ಅವು ಕೈರೋದ ಕಾಪ್ಟಿಕ್ ಮ್ಯೂಸಿಯಮ್ಮಿನಲ್ಲಿವೆ. ಎರಡನೆಯ ಪುಸ್ತಕದಲ್ಲಿ ತೋಮನ ಸುವಾರ್ತೆ (ಮೇಲೆ ಹೇಳಿದ ಬಾಲ್ಯದ ಸುವಾರ್ತೆಯಲ್ಲ, ಇದು ಬೇರೆಯದು) ಪೂರ್ತಿಯಾಗಿ ದೊರೆತಾಗ, ಹಂಟ್ ಕೈಗೆ ಬಂದಿದ್ದ 'ರವೆ'ಯ ಹಾಳೆ ಅದರ ಗ್ರೀಕ್ ಪ್ರತಿಯದು ಎಂದು ಗೊತ್ತಾಯಿತು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್‌ಗಳ ಸಭೆಯಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಸುವಾರ್ತೆಗಳನ್ನು ಆರಿಸಿ ಉಳಿದವನ್ನು ಸುಡಿಸಿದ ಎಂದು ಬಹಳ ಮಂದಿ ನಂಬಿದ್ದಾರೆ. ಆ ಸಭೆ ಹೊರಡಿಸಿದ 20 ನಿಯಮಗಳಲ್ಲಿ ಬೈಬಲಿನ ಪುಸ್ತಕಗಳ ಪಟ್ಟಿಯೇ ಇಲ್ಲ. ನಾಲ್ಕು ಸುವಾರ್ತೆಗಳಿಗೆ ಮನ್ನಣೆ ಸಿಕ್ಕಿದ್ದು ಅದಕ್ಕೂ ಬಹಳ ಹಿಂದೆ. 180ರ ಸುಮಾರಿಗೆ ಲಿಯಾನ್ ಪಟ್ಟಣದ ಬಿಷಪ್ ಐರೆನಿಯಸ್, ದಿಕ್ಕುಗಳು ನಾಲ್ಕು, ಗಾಳಿಗಳು ನಾಲ್ಕು, ಹಾಗಾಗಿ ಸುವಾರ್ತೆಗಳೂ ನಾಲ್ಕೇ ಎಂದು ವಾದಿಸಿದ್ದ. ಇನ್ನೊಂದು ಪ್ರಸಂಗ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. 200ರ ಆಸುಪಾಸಿನಲ್ಲಿ ಅಂತಿಯೋಕ್ಯದ ಬಿಷಪ್ ಸೆರಾಪಿಯನ್ ರೋಸಸ್ ಎಂಬ ಊರಿಗೆ ಹೋದಾಗ ಅಲ್ಲಿನ ಕ್ರೈಸ್ತರು ಪೇತ್ರನ ಸುವಾರ್ತೆಯನ್ನು ಓದುತ್ತಿದ್ದರು. ಅವನು ಪುಸ್ತಕವನ್ನು ನೋಡದೆಯೇ, ಓದಿಕೊಳ್ಳಿ ಎಂದು ಒಪ್ಪಿಗೆ ಕೊಟ್ಟ. ಆಮೇಲೆ ಅನುಮಾನದ ಮಾತು ಕಿವಿಗೆ ಬಿದ್ದು, ಒಂದು ಪ್ರತಿ ತರಿಸಿ ತಾನೇ ಓದಿ, ಬಹುಪಾಲು ಸರಿಯಾಗಿದೆ, ಕೆಲವು ಸೇರ್ಪಡೆಗಳು ಮಾತ್ರ ಒಪ್ಪತಕ್ಕವಲ್ಲ ಎಂದು ಬರೆದು ಕಳುಹಿಸಿದ. ಆಯ್ಕೆ ನಡೆದದ್ದು ಹೀಗೆ, ಊರಿಂದೂರಿಗೆ, ಪುಸ್ತಕದಿಂದ ಪುಸ್ತಕಕ್ಕೆ, ಇನ್ನೂರು ಮುನ್ನೂರು ವರ್ಷಗಳ ಕಾಲ. ಈಗಿನ ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನು ಮಾತ್ರ ಹೆಸರಿಸುವ ಮೊದಲ ಪಟ್ಟಿ ನಮಗೆ ಸಿಗುವುದು 367ರಲ್ಲಿ, ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಬರೆದ ಪತ್ರದಲ್ಲಿ.

ಬಲವಂತ ಇರಲೇ ಇಲ್ಲ ಎಂದು ಇದರ ಅರ್ಥವಲ್ಲ. ಅಥನಾಸಿಯಸ್ ಅದೇ ಪತ್ರದಲ್ಲಿ ಬೇರೆ ಪುಸ್ತಕಗಳನ್ನು ಖಂಡಿಸಿದ್ದಾನೆ, ಆ ಪತ್ರದ ನಂತರವೇ ಯಾರೋ ಸನ್ಯಾಸಿಗಳು ನಾಗ್ ಹಮ್ಮಾದಿಯ ಪುಸ್ತಕಗಳನ್ನು ಹೂತಿರಬಹುದೆಂಬ ಊಹೆಯೂ ಇದೆ. ಐದನೆಯ ಶತಮಾನದಲ್ಲಿ ಸಿರಿಯಾದ ಬಿಷಪ್ ಥಿಯೊಡೊರೆಟ್, ನಾಲ್ಕು ಸುವಾರ್ತೆಗಳನ್ನು ಹೆಣೆದು ಒಂದು ಮಾಡಿದ್ದ ತಾಷಿಯನನ ಪುಸ್ತಕದ 200ಕ್ಕೂ ಹೆಚ್ಚು ಪ್ರತಿಗಳನ್ನು ತನ್ನ ಚರ್ಚುಗಳಿಂದ ತೆಗೆಸಿದೆನೆಂದು ತಾನೇ ಬರೆದುಕೊಂಡಿದ್ದಾನೆ. ಆದರೂ ಹೆಚ್ಚಿನ ಪುಸ್ತಕಗಳು ಅಳಿದದ್ದು ಬೆಂಕಿಯಿಂದಲ್ಲ, ನಕಲು ಮಾಡುವವರಿಲ್ಲದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಪಪೈರಸ್ ಆಗಲಿ ನಮ್ಮ ಓಲೆಗರಿಯಾಗಲಿ ತಾನಾಗಿ ಬಾಳುವ ವಸ್ತುವಲ್ಲ. ಕೆಲವು ತಲೆಮಾರುಗಳಿಗೊಮ್ಮೆ ಒಬ್ಬರು ಕುಳಿತು ಪ್ರತಿ ಮಾಡದಿದ್ದರೆ ಮುಗಿಯಿತು. ಕವಿರಾಜಮಾರ್ಗ ಹೆಸರಿಸುವ ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರ ಕನ್ನಡ ಗದ್ಯ ಇಂದು ನಮ್ಮ ಬಳಿ ಇಲ್ಲ, ಅದನ್ನು ಯಾರೋ ಸುಟ್ಟರೆಂದು ಯಾರೂ ಹೇಳುವುದಿಲ್ಲ. ಇಬ್ರಿಯರ ಸುವಾರ್ತೆಯ ಸ್ಥಿತಿ ಇದೇ: ಹಳೆಯ ಚರ್ಚಿನ ಲೇಖಕರು ಅಲ್ಲಲ್ಲಿ ಉದ್ಧರಿಸಿದ ಕೆಲವೇ ವಾಕ್ಯಗಳ ಹೊರತು ಏನೂ ಉಳಿದಿಲ್ಲ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು, ಏಕೆಂದರೆ ನಮ್ಮ ದೇಶದಲ್ಲಿ ಈ ವಿಷಯ ಬಂದಾಗಲೆಲ್ಲ ಲಡಾಖಿನ ಹೆಮಿಸ್ ಮಠದ ಪ್ರಸ್ತಾಪ ಬರುತ್ತದೆ. ಯೇಸು ಭಾರತಕ್ಕೆ ಬಂದು ಕಲಿತದ್ದನ್ನು ಹೇಳುವ ಹಸ್ತಪ್ರತಿಯನ್ನು ಆ ಮಠದಲ್ಲಿ ಕಂಡೆನೆಂದು ನಿಕೊಲಾಸ್ ನೊಟೊವಿಚ್ ಎಂಬ ರಷ್ಯನ್ ಪತ್ರಕರ್ತ 1894ರಲ್ಲಿ ಪ್ರಕಟಿಸಿದ. ಮರುವರ್ಷ ಆಗ್ರಾದ ಕಾಲೇಜಿನ ಅಧ್ಯಾಪಕ ಆರ್ಚಿಬಾಲ್ಡ್ ಡಗ್ಲಾಸ್ ಅಲ್ಲಿಗೇ ಹೋಗಿ ವಿಚಾರಿಸಿದಾಗ ಮಠದ ಮುಖ್ಯ ಲಾಮಾ ಅಂಥ ಪುಸ್ತಕವೇ ಇಲ್ಲವೆಂದರು. ತೋಮನ ಸುವಾರ್ತೆಯನ್ನು ನೀವು ಕೈರೋಗೆ ಹೋಗಿ ನೋಡಬಹುದು. ಹೆಮಿಸ್ ಹಸ್ತಪ್ರತಿಯ ಒಂದು ಹಾಳೆಯೂ ವಿದ್ವಾಂಸರ ಪರೀಕ್ಷೆಗೆ ಬಂದಿಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಓದಲು ತೋಮನಿಂದ ತೊಡಗಿ. ಅದರಲ್ಲಿ ಜನನವಿಲ್ಲ, ಪವಾಡವಿಲ್ಲ, ಶಿಲುಬೆಯಿಲ್ಲ. 114 ಮಾತುಗಳು ಮಾತ್ರ. ಅರ್ಧದಷ್ಟು ನಿಮಗೆ ಪರಿಚಿತವೆನಿಸುತ್ತವೆ, ಉಳಿದವು ತಡೆದು ನಿಲ್ಲಿಸುತ್ತವೆ. 97ನೆಯದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ: ದೇವರ ರಾಜ್ಯವು ಹಿಟ್ಟು ತುಂಬಿದ ಪಾತ್ರೆಯನ್ನು ಹೊತ್ತು ದೂರದ ದಾರಿಯಲ್ಲಿ ನಡೆದ ಹೆಂಗಸಿನಂತೆ, ಪಾತ್ರೆಯ ಹಿಡಿ ಮುರಿದು ಹಿಟ್ಟು ಅವಳ ಹಿಂದೆ ದಾರಿಯುದ್ದಕ್ಕೂ ಚೆಲ್ಲುತ್ತ ಹೋಯಿತು, ಅವಳಿಗೆ ತಿಳಿಯಲಿಲ್ಲ, ಮನೆಗೆ ಬಂದು ಇಳಿಸಿ ನೋಡಿದರೆ ಪಾತ್ರೆ ಬರಿದಾಗಿತ್ತು. ಇಷ್ಟೇ, ವಿವರಣೆ ಇಲ್ಲ. ಯೂದನ ಸುವಾರ್ತೆ 2006ರಲ್ಲಿ ಪ್ರಕಟವಾದಾಗ ಜಗತ್ತಿನಾದ್ಯಂತ ಸುದ್ದಿಯಾಯಿತು, ಆದರೆ ಮೊದಲ ಓದಿಗೆ ಅದನ್ನು ನಾನು ಸೂಚಿಸುವುದಿಲ್ಲ. ಅದರ ಲೋಕಸೃಷ್ಟಿಯ ವಿವರಗಳು ಹಿನ್ನೆಲೆ ಗೊತ್ತಿಲ್ಲದವರಿಗೆ ದಾರಿ ತಪ್ಪಿಸುತ್ತವೆ.

ತೋಮನ ನಂತರ ಮರಿಯಳ ಸುವಾರ್ತೆ ಓದಿ. ಈ ಮರಿಯಳು ಯೇಸುವಿನ ತಾಯಿಯಲ್ಲ, ಅವನ ಶಿಷ್ಯೆಯಾದ ಮಗ್ದಲದವಳು ಎಂದು ಹೆಚ್ಚಿನವರ ಅಭಿಪ್ರಾಯ. ಅದರ ಕಾಪ್ಟಿಕ್ ಹಸ್ತಪ್ರತಿಯನ್ನು ಜರ್ಮನ್ ವಿದ್ವಾಂಸರೊಬ್ಬರು 1896ರಲ್ಲಿ ಕೈರೋದಲ್ಲಿ ಕೊಂಡು ಬರ್ಲಿನ್ನಿಗೆ ತಂದರು. 1912ರಲ್ಲಿ ಅಚ್ಚಾಗುತ್ತಿದ್ದಾಗ ಮುದ್ರಣಾಲಯದಲ್ಲಿ ನೀರಿನ ಕೊಳವೆ ಒಡೆದು ಅಚ್ಚಾದ ಹಾಳೆಗಳೆಲ್ಲ ನಾಶವಾದವು, ಆಮೇಲೆ ಎರಡು ಮಹಾಯುದ್ಧಗಳು ಬಂದವು, ಪುಸ್ತಕ ಹೊರಬಂದದ್ದು 1955ರಲ್ಲಿ. ಯೇಸು ಹೊರಟುಹೋದ ಮೇಲೆ ಅಳುತ್ತ ಕುಳಿತ ಶಿಷ್ಯರನ್ನು ಮರಿಯಳು ಎಬ್ಬಿಸಿ ಧೈರ್ಯ ಹೇಳುತ್ತಾಳೆ. ಅವಳ ಮಾತನ್ನು ಅಂದ್ರೆಯ ನಂಬುವುದಿಲ್ಲ, ಯೇಸು ನಮ್ಮನ್ನು ಬಿಟ್ಟು ಒಬ್ಬ ಹೆಂಗಸಿನೊಡನೆ ಗುಟ್ಟಾಗಿ ಮಾತಾಡಿದನೇ ಎಂದು ಪೇತ್ರನು ಕೇಳುತ್ತಾನೆ, ಲೇವಿ ಅವಳ ಪರ ನಿಲ್ಲುತ್ತಾನೆ. ಆ ಪ್ರತಿಯಲ್ಲಿ ಮೊದಲ 6 ಪುಟಗಳಿಲ್ಲ, ನಡುವೆ ಇನ್ನೂ 4 ಪುಟಗಳಿಲ್ಲ. ಮರಿಯಳು ತಾನು ಕಂಡ ದರ್ಶನವನ್ನು ಹೇಳಲು ತೊಡಗಿ ಪ್ರಭುವನ್ನು ಒಂದು ಪ್ರಶ್ನೆ ಕೇಳುತ್ತಾಳೆ, ಅವನು ಉತ್ತರ ಕೊಡಲು ಆರಂಭಿಸುತ್ತಾನೆ, ವಾಕ್ಯದ ನಡುವೆಯೇ ಹತ್ತನೆಯ ಪುಟ ಮುಗಿಯುತ್ತದೆ; ನಮ್ಮ ಕೈಗೆ ಮುಂದಿನದಾಗಿ ಸಿಗುವುದು ಹದಿನೈದನೆಯ ಪುಟ.